ಇದ್ದಿದ್ದೊಂದೇ ಕಾರ್ ಕೀ, ಅದೂ ತೋಟದ ಕಾಲುವೆ ಪಾಲಾಯ್ತು. ಮುಂದೇನು?

ಸಾಗರದ_ತೋಟಿಗ

ಎಲ್ಲರಿಗೂ ನಮಸ್ಕಾರ. ಬುದ್ಧಿಯಿಲ್ಲದ ಕೆಲಸ ಮಾಡ್ಕೊಂಡು ಕೂತಿದ್ದೇನೆ. ಬೈಯೋದಿದ್ರೆ ಬೈದು ಆಮೇಲೆ ದಾರಿ ಹೇಳಿ.

ನಂದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬಟನ್ ಸ್ಟಾರ್ಟ್ ಅಲ್ಲ, ತಿರುಗಿಸೋ ಕೀ, ತಲೆಯಲ್ಲಿ ಲಾಕ್–ಅನ್‌ಲಾಕ್ ಬಟನ್ ಇತ್ತು. ತಗೊಳ್ಳುವಾಗ ಒಂದೇ ಕೀ ಕೊಟ್ಟಿದ್ರು. "ಇನ್ನೊಂದು ಮನೇಲೆಲ್ಲೋ ಇದೆ, ಹುಡುಕಿ ಕಳಿಸ್ತೀನಿ" ಅಂದಿದ್ರು ಹಿಂದಿನ ಮಾಲೀಕರು. ಇನ್ನೂ ಹುಡುಕ್ತಾ ಇದ್ದಾರೆ ಅಂತ ಕಾಣುತ್ತೆ.

ಹೋದ ವಾರ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸ್ತಾ ಇದ್ದೆ. ಸಂಕ ದಾಟುವಾಗ ಅಂಗಿ ಜೇಬಿಂದ ಕೀ ಜಾರಿ ಕಾಲುವೆಗೆ ಬಿತ್ತು. ಮಳೆಗಾಲದ ನೀರು, ತಳ ಕಾಣಲ್ಲ. ಮೂರು ಜನ ಒಂದು ಗಂಟೆ ಕೈಯಾಡಿಸಿದ್ವಿ. ಎರಡು ವರ್ಷದ ಹಿಂದೆ ಕಳೆದ ಕತ್ತಿ ಸಿಕ್ತು, ಕೀ ಸಿಗಲಿಲ್ಲ. ಗಾಡಿ ಅಂಗಳದಲ್ಲಿ ಲಾಕ್ ಆಗಿ ನಿಂತಿದೆ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದ್ರೆ ಗಾಡಿನ ಶಿವಮೊಗ್ಗಕ್ಕೆ ಎತ್ತಿಸಿಕೊಂಡು ಬನ್ನಿ, ಲಾಕ್ ಸೆಟ್ಟು, ಇನ್ನೇನೋ ಯೂನಿಟ್ಟು ಎಲ್ಲ ಬದಲಿಸಬೇಕು, 40 ಸಾವಿರದ ಹತ್ತಿರ ಆಗುತ್ತೆ ಅಂದ್ರು. ಪೇಟೆಯಲ್ಲಿ ಬೀಗದ ಕೀ ಮಾಡೋನು 300 ರೂಪಾಯಿ ಅಂದ. ಮುನ್ನೂರಕ್ಕೂ ನಲವತ್ತು ಸಾವಿರಕ್ಕೂ ನಡುವೆ ಏನಿದೆ ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ?

ಅಂಬಾಸಿಡರ್_ಅಜ್ಜ

ನಮ್ಮ ಅಂಬಾಸಿಡರಿಗೆ ಈ ರಗಳೆಯೇ ಇರಲಿಲ್ಲ ನೋಡಿ. ಕೀ ಎಷ್ಟು ಸವೆದಿತ್ತಂದ್ರೆ ಗಾಡಿ ಓಡ್ತಾ ಇರುವಾಗಲೇ ಕೈಗೆ ಬರ್ತಿತ್ತು. ಪಕ್ಕದ ಮನೆಯವರ ಗೋದ್ರೆಜ್ ಬೀರು ಕೀಲೂ ಒಂದ್ಸಲ ಸ್ಟಾರ್ಟ್ ಮಾಡಿದ್ದೆ. ಕಳ್ಳರಿಗೂ ಸುಲಭ, ನಮಗೂ ಸುಲಭ.

ಹುಬ್ಬಳ್ಳಿ_ಕೀಲಿಕೈ

ತೋಟದ ಸಾಹೇಬ್ರ, ನಾ ಹದಿನಾಲ್ಕು ವರ್ಷದಿಂದ ಇದ ಧಂದೆ ಮಾಡಾಕತ್ತೇನಿ. ಮೊದಲ ಒಂದ ಮಾತ ತಿಳಕೋರಿ. ನಿಮ್ಮ ಕೈಯಾಗ ಇದ್ದದ್ದು ಒಂದ ಕೀ ಅಲ್ಲ, ಮೂರು ಕೀ. ಒಂದ ಪ್ಲಾಸ್ಟಿಕ್ಕಿನಾಗ ಮೂರನ್ನೂ ತುಂಬ್ಯಾರ, ಅಷ್ಟ.

ಒಂದನೇದು ಕಬ್ಬಿಣದ ಪಟ್ಟಿ. ನಾವು ಬ್ಲೇಡ್ ಅಂತೀವಿ. ಬಾಗಲಾ ತಗಿಯಾಕ, ಸ್ಟೇರಿಂಗ್ ಲಾಕ್ ಬಿಡಸಾಕ. ನಿಮ್ಮ ಪ್ಯಾಟಿ ಹುಡುಗ 300 ಅಂದಿದ್ದು ಇದಕ್ಕ. ಸುಳ್ಳ ಹೇಳಿಲ್ಲ ಅಂವ.

ಎರಡನೇದು ಚಿಪ್. ಅಕ್ಕಿಕಾಳಕಿಂತ ತುಸು ದೊಡ್ಡದು ಇರತೈತಿ, ಕೆಲವು ಗಾಜಿನ ಕೊಳವಿ ಹಂಗ, ಕೆಲವು ಕರೇ ಇದ್ದಿಲ ತುಂಡಿನಂಗ. ಇದಕ್ಕ ಬ್ಯಾಟರಿ ಇರೂದಿಲ್ಲ. ಕೀ ಹಾಕೋ ತೂತಿನ ಸುತ್ತ ಒಂದ ತಂತಿ ಸುರುಳಿ ಕೂಡಿಸಿರ್ತಾರ, ಅದು ಈ ಚಿಪ್ಪಿಗೆ ಕರೆಂಟ್ ಕೊಟ್ಟ ಮಾತಾಡಸ್ತೈತಿ. ಉತ್ತರಾ ಸರಿ ಬರಲಿಲ್ಲಂದ್ರ ಸ್ಟಾರ್ಟರ್ ತಿರಗತೈತಿ, ಎಂಜಿನ್ ಹಿಡಿಯೂದಿಲ್ಲ. ಕೆಲವು ಗಾಡಿ ಎರಡ ಸೆಕೆಂಡ್ ಹೊತ್ತಿ ಆರತಾವು.

ಮೂರನೇದು ರಿಮೋಟ್. ಬರೇ ಬಾಗಲಾ ಲಾಕ್ ಮಾಡಾಕ. ಬ್ಯಾಟರಿ ಬೇಕಾಗೂದು ಇದಕ್ಕಷ್ಟ.

ರಿಮೋಟ್ ಇಲ್ಲದ ಜೀವನಾ ನಡೀತೈತಿ, ಚಿಪ್ ಇಲ್ಲದ ನಡಿಯೂದಿಲ್ಲ. ನಿಮ್ಮ ರೊಕ್ಕ ಹೋಗೂದು ಎರಡನೇದಕ್ಕ.

ಕುಡ್ಲದ_ಡ್ರೈವರ್

ಕೀಲಿಕೈ ಅಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ ಮಾರಾಯ್ರೆ. ನನ್ನ ಕಥೆ ಕೇಳಿ. ಕೀಯ ಪ್ಲಾಸ್ಟಿಕ್ ಒಡೆದಿತ್ತು. ಆನ್‌ಲೈನ್‌ನಲ್ಲಿ 350 ರೂಪಾಯಿಗೆ ಮಡಚುವ ಕೀಯ ಕವಚ ಸಿಕ್ತು, ಚಂದ ಉಂಟು ಅಂತ ತರಿಸಿದೆ. ಒಳಗಿನ ಸರ್ಕ್ಯೂಟ್ ಬೋರ್ಡ್ ತೆಗೆದು ಹೊಸದಕ್ಕೆ ಹಾಕಿದೆ, ಬಟನ್ ಒತ್ತಿದೆ, ಬಾಗಿಲು ಕುಂಯ್ ಅಂತು. ಆಹಾ ಅಂತ ಹಳೆಯದನ್ನು ಕಸದ ಬುಟ್ಟಿಗೆ ಎಸೆದೆ.

ಮರುದಿನ ಬೆಳಿಗ್ಗೆ ಏರ್‌ಪೋರ್ಟ್ ಬಾಡಿಗೆ. ಕೀ ತಿರುಗಿಸಿದ್ರೆ ಎಂಜಿನ್ ಹಿಡೀಲೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೀಯ ಚಿತ್ರ ಪಿಳಿಪಿಳಿ. ಎಂತ ಅಂತ ತಲೆಗೇ ಹೋಗಲಿಲ್ಲ. ಚಿಪ್ ಆ ಬೋರ್ಡಿನಲ್ಲಿ ಇರಲೇ ಇಲ್ಲ! ಹಳೇ ಕವಚದ ಮೂಲೆಯಲ್ಲಿ ಒಂದು ಸಣ್ಣ ಗುಳಿಯಲ್ಲಿ ಅಂಟಿಸಿದ್ದರು. ಕಸದ ಗಾಡಿ ಬರುವ ಮೊದಲು ಬುಟ್ಟಿ ಬೋರಲು ಹಾಕಿ, ಮೀನಿನ ಮುಳ್ಳಿನ ಮಧ್ಯೆ ಹುಡುಕಿದ್ದು ನಾನು. ಸಿಕ್ತು. ಬಾಡಿಗೆ ಹೋಯ್ತು.

ಕವಚ ಬದಲಿಸುವವರು ಹೊಸ ಕೀಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ನೋಡುವ ತನಕ ಹಳೆಯದನ್ನು ಎಸೆಯಬೇಡಿ, ಆಯ್ತಾ? ಬಾಗಿಲು ತೆಗೆದುಕೊಂಡ್ರೆ ಎಂತದೂ ಸಾಬೀತಾಗುವುದಿಲ್ಲ.

ಸೋಲ್ಡರ್_ಸ್ವಾಮಿ

ತೋಟಿಗರೇ, ತಾಂತ್ರಿಕ ಭಾಗ ಸ್ವಲ್ಪ ಸೇರಿಸ್ತೀನಿ, ಯಾಕಂದ್ರೆ ಬೆಲೆಯ ವ್ಯತ್ಯಾಸ ಅಲ್ಲೇ ಇದೆ.

ಚಿಪ್ ಮತ್ತು ಆ ಸುರುಳಿ ಮಾತಾಡೋದು 125 ಕಿಲೋಹರ್ಟ್ಸ್‌ನಲ್ಲಿ, ಕೆಲವೇ ಸೆಂಟಿಮೀಟರ್ ದೂರಕ್ಕೆ. ರಿಮೋಟ್ ಕೆಲಸ ಮಾಡೋದು ನಮ್ಮಲ್ಲಿ ಹೆಚ್ಚಾಗಿ 433.92 ಮೆಗಾಹರ್ಟ್ಸ್‌ನಲ್ಲಿ. ಎರಡಕ್ಕೂ ಸಂಬಂಧವೇ ಇಲ್ಲ. ಹಾಗಾಗಿಯೇ ಕುಡ್ಲದವರ ಬಾಗಿಲು ತೆರೆದುಕೊಂಡಿದ್ದು, ಎಂಜಿನ್ ಮುನಿಸಿಕೊಂಡಿದ್ದು.

ಮೊದಮೊದಲ ಚಿಪ್‌ಗಳು ಒಂದು ಸ್ಥಿರ ಸಂಖ್ಯೆಯನ್ನಷ್ಟೇ ಒಪ್ಪಿಸ್ತಿದ್ದವು, ಅವುಗಳ ನಕಲು ಮಕ್ಕಳಾಟ. ಆಮೇಲಿನವು ಪ್ರಶ್ನೋತ್ತರದವು: ಗಾಡಿ ಪ್ರತಿ ಸಲ ಹೊಸ ಸಂಖ್ಯೆ ಕಳಿಸುತ್ತೆ, ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆಯ ಜೊತೆ ಲೆಕ್ಕ ಹಾಕಿ ಉತ್ತರ ಕೊಡುತ್ತೆ, ಗುಟ್ಟನ್ನು ಮಾತ್ರ ಬಾಯಿಬಿಡಲ್ಲ. ಬಹಳ ಗಾಡಿಗಳಲ್ಲಿರೋ ಹೈಟ್ಯಾಗ್ 2 ಅನ್ನೋ ಚಿಪ್ಪಿನ ಗುಟ್ಟು 48 ಬಿಟ್. 2012ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಸಂಶೋಧಕರು ಅದನ್ನು ಆರು ನಿಮಿಷದೊಳಗೆ ಒಡೆದು ತೋರಿಸಿದ್ರು. ಇವತ್ತು ಅಂಗಡಿಯವರ ಕೈಲಿರೋ ಯಂತ್ರ ಅಂಥ ಚಿಪ್ಪನ್ನು ನಕಲು ಮಾಡುತ್ತೆ ಅಂದ್ರೆ ಅದರ ಬೇರು ಇಲ್ಲಿದೆ. ಆದ್ರೆ ನಕಲು ಮಾಡೋಕೆ ಒಂದು ಅಸಲಿ ಬೇಕಲ್ಲ? ನಿಮ್ಮಲ್ಲಿ ಅದೇ ಇಲ್ಲ.

ಅಸಲಿ ಇಲ್ಲದಿದ್ದಾಗ ದಾರಿ ಎರಡು. ಗಾಡಿಯ ಪಿನ್, ಅಂದ್ರೆ ಹೊಸ ಕೀ ಸೇರಿಸೋಕೆ ಬೇಕಾದ ಗುಪ್ತ ಸಂಖ್ಯೆ, ಗೊತ್ತಿದ್ರೆ ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಗಾಡಿಯ ತಪಾಸಣೆಗೆ ಇರೋ ಸಾಕೆಟ್) ಸ್ಕ್ಯಾನರ್ ಚುಚ್ಚಿ, ಹೊಸ ಚಿಪ್ಪನ್ನು ಇಮ್ಮೊಬಿಲೈಸರಿಗೆ (ಸರಿಯಾದ ಚಿಪ್ ಕಾಣದಿದ್ರೆ ಎಂಜಿನ್ ತಡೆಯೋ ಯೂನಿಟ್) ಪರಿಚಯ ಮಾಡಿಸೋದು. ಅದಾಗದಿದ್ರೆ ಯೂನಿಟ್ ಬಿಚ್ಚಿ ಮೆಮೊರಿ ಚಿಪ್ಪಿನಿಂದ ಡೇಟಾ ಓದೋದು. ನಿಮಗೆ 40 ಸಾವಿರ ಹೇಳಿದವರು ಈ ಎರಡನ್ನೂ ಬಿಟ್ಟು ಎಲ್ಲವನ್ನೂ ಹೊಸದಾಗಿ ಹಾಕೋ ಲೆಕ್ಕ ಹೇಳಿದ್ದಾರೆ. ಅವರ ಮಟ್ಟಿಗೆ ಅದು ತಲೆನೋವಿಲ್ಲದ ದಾರಿ.

ಹುಬ್ಬಳ್ಳಿ_ಕೀಲಿಕೈ

ಸ್ವಾಮಿಯವರು ಬರೋಬ್ಬರಿ ಹೇಳ್ಯಾರ. ನಮ್ಮ ಮಂದಿ ಇದಕ್ಕ "ಆಲ್ ಕೀ ಲಾಸ್ಟ್" ಅಂತೀವಿ. ಒಂದ ಕೀ ಕೈಯಾಗ ಇದ್ದು ಎರಡನೇದು ಮಾಡೂದು ಅರ್ಧಾ ತಾಸಿನ ಕೆಲಸ. ಎಲ್ಲಾ ಕಳಕೊಂಡ ಮ್ಯಾಲ ಬಂದ್ರ ರೇಟ್ ಡಬಲ್, ತ್ರಿಬಲ್. ಗಿರಾಕಿ ಕಷ್ಟದಾಗ ಅದಾನಂತ ಜಾಸ್ತಿ ಹೇಳೂದಲ್ಲರೀ, ಕೆಲಸಾನ ಬ್ಯಾರೆ. ಬಾಗಲದ ಬೀಗದಾಗ ಸಳಿ ಇಳಿಸಿ ಒಳಗಿನ ಹಲ್ಲಿನ ಅಳತಿ ಒಂದೊಂದ ಓದಬೇಕು, ಬ್ಲೇಡ್ ಕಟ್ ಮಾಡಬೇಕು, ಆಮ್ಯಾಲ ಚಿಪ್ ಪ್ರೋಗ್ರಾಮ್.

ಈಗ ಏನ್ ಮಾಡ್ರಿ ಅಂದ್ರ: ಆರ್‌ಸಿ, ಆಧಾರ್ ತಗೊಂಡ ಶೋರೂಮಿಗೆ ಹೋಗಿ ಇಮ್ಮೊಬಿಲೈಸರ್ ಪಿನ್ ಮತ್ತ ಕೀ ಕೋಡ್ ಕೇಳ್ರಿ. ಗಾಡಿ ಎಳಕೊಂಡ ಹೋಗೂದ ಬ್ಯಾಡ. ಛಾಸಿ ನಂಬರ್ ಮ್ಯಾಲ ಕಂಪನಿ ದಫ್ತರದಾಗ ಇರತೈತಿ. ಕೆಲವರು ಕೊಡ್ತಾರ, ಕೆಲವರು ನಾವ ಮಾಡಬೇಕಂತಾರ. ಹೊಸಾ ಗಾಡಿ ಕೊಂಡಾಗ ಕೀ ಜೋಡಿ ಒಂದ ಸಣ್ಣ ತಗಡಿನ ಬಿಲ್ಲೆ ಕೊಟ್ಟಿರ್ತಾರ, ಅದರ ಮ್ಯಾಲ ನಂಬರ್ ಇರತೈತಿ. ಅದು ಕೀ ಕಟ್ ಮಾಡೋ ನಂಬರ್. ಮಂದಿ ಅದನ್ನ ಕೀಗೊಂಚಲಿಗೇ ಹಾಕ್ಕೊಂಡ ತಿರಗತಾರ! ಕೀ ಕಳದ್ರ ಅದೂ ಹೋಗೂದು, ಸಿಕ್ಕಾವಗ ನಂಬರ್ ಸಮೇತ ಸಿಗೂದು.

ಇನ್ನೊಂದ, ಗಾಡಿ ಬ್ಯಾಟರಿ ಇಳದಿದ್ರ ಪ್ರೋಗ್ರಾಮ್ ಮಾಡಸಬ್ಯಾಡ್ರಿ. ನಡುವ ವೋಲ್ಟೇಜ್ ಬಿದ್ರ ಯೂನಿಟ್ ಕೈಕೊಡತೈತಿ, ಆವಾಗ ಖರೇನ 40 ಸಾವಿರ.

ಸಾಗರದ_ತೋಟಿಗ

ಬಿಲ್ಲೆ! ನೋಡಿದ ನೆನಪಿದೆ. ಕೀಗೊಂಚಲಲ್ಲೇ ಇತ್ತು. ಈಗ ಅದೂ ಕಾಲುವೆಯಲ್ಲಿದೆ.

ಕ್ಲೇಮ್_ಅಕ್ಕ

ನಾನು ವಾಹನ ವಿಮೆಯ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡುವವಳು. ತೋಟಿಗರೇ, ಕೀ ವಿಷಯ ಬಿಡಿ, ನಿಮ್ಮ ಮೊದಲ ಸಾಲು ಓದಿ ನನಗೆ ಗಾಬರಿಯಾಯಿತು. ಮೂರು ವರ್ಷ ಒಂದೇ ಕೀಲಿ ಗಾಡಿ ಓಡಿಸಿದ್ದೀರಿ, ಇನ್ನೊಂದು ಯಾರ ಹತ್ತಿರ ಇದೆ ಅಂತ ನಿಮಗೇ ಗೊತ್ತಿಲ್ಲ!

ಗಾಡಿ ಕಳುವಾಯಿತು ಅಂತ ಕ್ಲೇಮಿಗೆ ಬಂದರೆ ಆರ್‌ಸಿ, ಎಫ್‌ಐಆರ್ ಜೊತೆಗೆ ನಾವು ಕೇಳುವುದು ಎರಡೂ ಅಸಲಿ ಕೀಗಳನ್ನು. ಒಂದೇ ಇದ್ದರೆ ಇನ್ನೊಂದೆಲ್ಲಿ ಅನ್ನೋ ಪ್ರಶ್ನೆ ಬಂದೇ ಬರುತ್ತೆ, ಗಾಡಿಯಲ್ಲೇ ಬಿಟ್ಟಿದ್ದಿರಾ ಅಂತಾನೂ ಕೇಳ್ತಾರೆ. ಒಂದು ಕೀ ಕಳೆದುಹೋಗಿದೆ ಅನ್ನುವುದಕ್ಕೆ ಆ ಕಾಲದ್ದೇ ಕಾಗದ ಇದ್ದರೆ ಮಾತಾಡೋಕೆ ಬರುತ್ತೆ. ಆದ್ದರಿಂದ ಇವತ್ತೇ ಪೊಲೀಸರ ಇ-ಲಾಸ್ಟ್‌ನಲ್ಲಿ (ಕಳೆದ ವಸ್ತುಗಳ ಆನ್‌ಲೈನ್ ದೂರು ವ್ಯವಸ್ಥೆ) ಒಂದು ವರದಿ ದಾಖಲಿಸಿ, ಪ್ರತಿ ಇಟ್ಟುಕೊಳ್ಳಿ. ಹೊಸ ಕೀ ಮಾಡಿಸಿದ ಬಿಲ್ಲನ್ನೂ ಎತ್ತಿಡಿ.

ಪಾಲಿಸಿ ತೆಗೆದು ನೋಡಿ, ಕೀ ಬದಲಾವಣೆಯ ಆಡ್-ಆನ್ ಇದೆಯಾ ಅಂತ. ಹಲವರಿಗೆ ತಾವು ಅದಕ್ಕೆ ದುಡ್ಡು ಕಟ್ಟಿರುವುದೇ ಗೊತ್ತಿರುವುದಿಲ್ಲ. ಇದ್ದರೆ ಕೆಲಸ ಶುರು ಮಾಡುವ ಮೊದಲೇ ಕಂಪನಿಗೆ ತಿಳಿಸಿ. ಮಾಡಿಸಿ ಆದಮೇಲೆ ಬಿಲ್ ಹಿಡಿದುಕೊಂಡು ಬಂದವರನ್ನು ವಾಪಸ್ ಕಳಿಸಿದ್ದೇವೆ, ಬೇಜಾರಾಗುತ್ತೆ, ಆದರೂ ಕಳಿಸಿದ್ದೇವೆ.

ಮಿಶಿಗನ್_ಮಂಡ್ಯ

ಡೆಟ್ರಾಯಿಟ್ ಪಕ್ಕದಿಂದ ಬರೀತಿದೀನಿ ಕಣ್ರೀ, ಕಾರು ಕಂಪನಿಗಳ ಊರಲ್ಲೂ ಇದೇ ಗೋಳು. ಇಲ್ಲಿ 1980ರ ದಶಕದ ಕಾರ್ವೆಟ್ ಕಾರಿನ ಕೀ ನೋಡ್ಬೇಕು ನೀವು, ಬ್ಲೇಡ್ ಮೇಲೇ ಒಂದು ಕರೀ ರೆಸಿಸ್ಟರ್ (ಕರೆಂಟ್ ತಡೆಯೋ ತುಣುಕು) ಗುಂಡಿ ಕೂರಿಸವ್ರೆ. ಹದಿನೈದು ಬೆಲೆಯ ರೆಸಿಸ್ಟರ್‌ಗಳಲ್ಲಿ ಯಾವುದೋ ಒಂದು. ಜನರಲ್ ಮೋಟರ್ಸ್‌ನೋರ ಐಡಿಯಾ. ಕಳ್ಳ ಹದಿನೈದು ಕೀ ಇಟ್ಕೊಂಡು ಬಂದ್ರೆ ಮುಗೀತು, ಆದ್ರೂ ತಪ್ಪಾದ್ರೆ ಗಾಡಿ ಕೆಲವು ನಿಮಿಷ ಮುಷ್ಕರ ಹೂಡೋದು.

ನಂದು ಹಳೇ ಫೋರ್ಡ್. ಅದರಲ್ಲಿ ಒಂದು ಒಳ್ಳೇ ಪದ್ಧತಿ ಐತೆ. ಕೆಲಸ ಮಾಡೋ ಕೀ ಎರಡಿದ್ರೆ ಮೂರನೇದನ್ನ ಮನೇಲೇ ಸೇರಿಸ್ಕೋಬೋದು. ಮೊದಲ್ನೇದು ಹಾಕಿ ಆನ್ ಮಾಡಿ ಆಫ್ ಮಾಡೋದು, ಕೆಲವೇ ಸೆಕೆಂಡಲ್ಲಿ ಎರಡನೇದು, ತಕ್ಷಣ ಹೊಸದು. ಡ್ಯಾಶ್ ದೀಪ ಒಂದ್ಸಲ ಬೆಳಗಿ ಸುಮ್ಕಾಯ್ತದೆ, ಅಷ್ಟೇ. ಆದ್ರೆ ಒಂದೇ ಕೀ ಇದ್ರೆ ಈ ಬಾಗಿಲು ಮುಚ್ಚಿರ್ತದೆ. ಬಾಡಿಗೆಗೆ ತಗೊಂಡೋನು, ಪಾರ್ಕಿಂಗ್ ಹುಡುಗ, ಒಂದು ಕೀ ಸಿಕ್ಕಿದ ಯಾರೇ ಆಗ್ಲಿ ಗುಟ್ಟಾಗಿ ಇನ್ನೊಂದು ಮಾಡ್ಕೋಬಾರ್ದು ಅಂತ. ಎರಡು ಕೀ ಇದ್ದೋನೇ ಮಾಲೀಕ ಅನ್ನೋ ಲೆಕ್ಕ, ನಮ್ಮ ಕ್ಲೇಮ್ ಅಕ್ಕ ಹೇಳ್ದಂಗೆ.

ಇನ್ನೊಂದ್ ಮಾತು. "ಅಮೆರಿಕದಿಂದ ರಿಮೋಟ್ ತಂದ್ಕೊಡು, ಅಲ್ಲಿ ಅಗ್ಗ" ಅಂತ ನಮ್ ಬಾಮೈದ ಹೇಳಿದ್ದ. ತಂದೆ. ಇಲ್ಲಿಯದು ಹೆಚ್ಚಾಗಿ 315 ಮೆಗಾಹರ್ಟ್ಸ್, ನಿಮ್ಮಲ್ಲಿ 433. ನೋಡಕ್ಕೆ ಅವಳಿ ಜವಳಿ, ಮಾತು ಮಾತ್ರ ಸೇರಲ್ಲ. ಈಗ ಅದು ಅವರ ಮನೇಲಿ ಕೂಸು ಆಡೋ ಸಾಮಾನು.

ಕುಡ್ಲದ_ಡ್ರೈವರ್

ಕೂಸು ಅಂದದ್ದಕ್ಕೆ ನೆನಪಾಯ್ತು. ನನ್ನ ಮಗಳು ಕಾರಿನ ರಿಮೋಟ್ ಹಿಡಿದು ಮನೆಯೊಳಗೆ ಕೂತು ಒತ್ತಿದ್ದೇ ಒತ್ತಿದ್ದು. ಆಮೇಲೆ ಕಾರಿನ ಹತ್ತಿರ ಹೋದ್ರೆ ಒಂದು ಸಲ ಒತ್ತಿದ್ರೆ ಕೇಳುವುದೇ ಇಲ್ಲ, ಎರಡು ಸಲ ಒತ್ತಿದ್ರೆ ಸರಿಯಾಯ್ತು. ಇದು ಎಂತ ಸ್ವಾಮಿಯವರೇ?

ಸೋಲ್ಡರ್_ಸ್ವಾಮಿ

ಅದು ರೋಲಿಂಗ್ ಕೋಡ್. ರಿಮೋಟ್ ಪ್ರತಿ ಒತ್ತಿಗೂ ಒಂದು ಎಣಿಕೆ ಮುಂದಕ್ಕೆ ಹೋಗುತ್ತೆ, ಗಾಡಿಯೂ ತನ್ನ ಎಣಿಕೆ ಇಟ್ಟಿರುತ್ತೆ. ಗಾಳಿಯಲ್ಲಿ ಹಿಡಿದ ಹಳೇ ಸಿಗ್ನಲನ್ನು ಕಳ್ಳ ಮತ್ತೆ ಬಿತ್ತರಿಸಿದ್ರೆ ಉಪಯೋಗವಾಗಬಾರದು ಅಂತ ಈ ಉಪಾಯ. ಕೀಲಾಕ್ ಅನ್ನೋ ಹಳೇ ಪದ್ಧತಿಯಲ್ಲಿ ರಿಮೋಟ್ 16 ಹೆಜ್ಜೆವರೆಗೆ ಮುಂದೆ ಹೋಗಿದ್ರೆ ಗಾಡಿ ಸುಮ್ಮನೆ ಒಪ್ಪಿಕೊಳ್ಳುತ್ತೆ. ಅದಕ್ಕಿಂತ ಮುಂದಿದ್ರೆ ಅನುಮಾನ, ಬೆನ್ನುಬೆನ್ನಿಗೆ ಎರಡು ಸರಿಯಾದ ಸಂಖ್ಯೆ ಬಂದ್ರೆ ಮಾತ್ರ ಎಣಿಕೆ ಸರಿಪಡಿಸಿಕೊಳ್ಳುತ್ತೆ. ನಿಮ್ಮ ಮಗಳು 16 ದಾಟಿಸಿದ್ದಾಳೆ.

ರಿಮೋಟ್ ಸತ್ತಿದೆ ಅಂತ ಹೊಸದಕ್ಕೆ ಓಡೋರು ಮೊದಲು ಸೆಲ್ ನೋಡಿ. ಸಿಆರ್ 2032 ಅಂದ್ರೆ 20 ಮಿಲಿಮೀಟರ್ ಅಗಲ, 3.2 ದಪ್ಪ. 2025 ಅಂದ್ರೆ ಅದೇ ಅಗಲ, ದಪ್ಪ 2.5. ಅಂಗಡಿಯವನು "ಎಲ್ಲಾ ಒಂದೇ ಸರ್" ಅಂತ 2025 ಕೊಡ್ತಾನೆ, ಒಳಗೆ ಅಲ್ಲಾಡುತ್ತೆ, ಒಮ್ಮೆ ಕೆಲಸ ಮಾಡುತ್ತೆ, ಒಮ್ಮೆ ಇಲ್ಲ. ನೂರು ರೂಪಾಯಿಯ ಸೆಲ್ಲಿನ ತಪ್ಪಿಗೆ ಹೊಸ ಕೀ ಮಾಡಿಸಿದವರು ನನಗೆ ಗೊತ್ತು. (ನಮ್ಮ ಭಾವನೇ.)

ಅಂಬಾಸಿಡರ್_ಅಜ್ಜ

ನನ್ನ ಮಗನ ಗಾಡಿಗೆ ಬಟನ್ನೇ. ಕೀ ಜೇಬಲ್ಲೇ ಇದ್ರೆ ಸಾಕು. ಹೋದ ತಿಂಗಳು ಧರ್ಮಸ್ಥಳದಲ್ಲಿ ಸೆಲ್ ಮುಗಿದು ಬಾಗಿಲೇ ತೆಗೀಲಿಲ್ಲ, ಅರ್ಧ ದಿನ ಬಿಸಿಲಲ್ಲಿ ನಿಂತೆವು. ಅದಕ್ಕೇನು ಮಾಡೋದಪ್ಪ?

ಹುಬ್ಬಳ್ಳಿ_ಕೀಲಿಕೈ

ಅಜ್ಜಾರ, ಆ ಕೀ ಹೊಟ್ಟ್ಯಾಗ ಒಂದ ಕಬ್ಬಿಣದ ಕೀ ಅಡಗಸಿ ಇಟ್ಟಿರ್ತಾರ. ಸಣ್ಣ ಖಟಕಿ ಸರಸಿದ್ರ ಹೊರಗ ಬರತೈತಿ. ಬಾಗಲಾ ಹಿಡಿಕಿ ಹತ್ರ ತೂತು ಇರತೈತಿ, ಕೆಲವು ಗಾಡ್ಯಾಗ ಪ್ಲಾಸ್ಟಿಕ್ ಟೋಪಿ ಹಿಂದ. ಅದರಿಂದ ಬಾಗಲಾ ತಗೀರಿ. ಒಳಗ ಹೋದ ಮ್ಯಾಲ ಸತ್ತ ಕೀನ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತರಿ. ಕೆಲವದರಾಗ ಇಡೂ ಜಾಗಾ ಬ್ಯಾರೆ ಇರತೈತಿ, ಮ್ಯಾನುವಲ್ ಪುಸ್ತಕದಾಗ ಐತಿ. ಸೆಲ್ ಸತ್ರೂ ಒಳಗಿನ ಚಿಪ್ ಸಾಯಂಗಿಲ್ಲ.

ಮತ್ತ ಬಟನ್ ಗಾಡಿಯವರು ಓಎಲ್‌ಎಕ್ಸ್‌ನಾಗ ಹಳೇ ಸ್ಮಾರ್ಟ್ ಕೀ ಅಗ್ಗಕ್ಕ ತಗೊಂಡ ನನ್ನ ಅಂಗಡಿಗೆ ಬರಬ್ಯಾಡ್ರಿ. ಒಂದ ಗಾಡಿಗೆ ಮದುವಿ ಆದ ಕೀ ಬಾಳ ಮಟ್ಟಿಗೆ ಇನ್ನೊಂದ ಗಾಡಿಗೆ ಹೋಗೂದಿಲ್ಲ, ಲಾಕ್ ಆಗಿರತೈತಿ.

ಸೋಲ್ಡರ್_ಸ್ವಾಮಿ

ಅಜ್ಜಾರೆ, ಮಗನಿಗೆ ಇನ್ನೊಂದು ಹೇಳಿ. ಬಟನ್ ಗಾಡಿಯ ಕೀನ ರಾತ್ರಿ ಬೀದಿ ಕಡೆಯ ಕಿಟಕಿ ಹತ್ರ ನೇತುಹಾಕಬಾರದು. ಗಾಡಿ ಕೀಯನ್ನು ಕರೆಯುತ್ತೆ, ಕೀ ಓಗೊಡುತ್ತೆ. ಇಬ್ಬರು ಕಳ್ಳರು ಒಂದೊಂದು ಪೆಟ್ಟಿಗೆ ಹಿಡಿದು ಆ ಕರೆಯನ್ನು ದಾಟಿಸಿದ್ರೆ ಕೀ ಪಕ್ಕದಲ್ಲೇ ಇದೆ ಅಂತ ಗಾಡಿ ನಂಬುತ್ತೆ. ಜ್ಯೂರಿಕ್‌ನ ಸಂಶೋಧಕರು 2011ರಲ್ಲಿ ಎಂಟು ಕಂಪನಿಗಳ ಹತ್ತು ಮಾದರಿಗಳ ಮೇಲೆ ಇದನ್ನು ಮಾಡಿದ್ರು, ಹತ್ತೂ ಮೋಸಹೋದವು. ಮುಚ್ಚಳ ಬಿಗಿಯಾಗಿರೋ ಸ್ಟೀಲ್ ಡಬ್ಬಿ ಸಾಕು. ಡಬ್ಬಿ ಹಿಡಿದು ಗಾಡಿ ಪಕ್ಕ ನಿಂತು ಬಾಗಿಲು ಎಳೆದು ನೋಡಿ, ತೆರೆಯದಿದ್ರೆ ಡಬ್ಬಿ ಪಾಸ್.

ಸಾಗರದ_ತೋಟಿಗ

ಹನ್ನೆರಡು ದಿನದ ನಂತರ ಬರೀತಿದ್ದೇನೆ. ಗಾಡಿ ಓಡ್ತಾ ಇದೆ.

ಇ-ಲಾಸ್ಟ್ ಮಾಡಿಸಿದೆ. ಪಾಲಿಸಿಯಲ್ಲಿ ಆಡ್-ಆನ್ ಇರಲಿಲ್ಲ, ಅಕ್ಕಾ. ಪಿನ್ ಕೇಳೋಕೆ ಹೋದ್ರೆ ಮೊದಲು ಕೊಡಲ್ಲ ಅಂದ್ರು, ಕೀಲಿಕೈ ಅಣ್ಣ ಹೇಳಿದ ಪದವನ್ನೇ ಹೇಳಿ, ಆರ್‌ಸಿ ಮುಂದಿಟ್ಟು ಅರ್ಧ ದಿನ ಕೂತೆ. ಮ್ಯಾನೇಜರ್ ಬಂದು ಲಿಖಿತ ಅರ್ಜಿ ಬರೆಸಿಕೊಂಡು ಎರಡು ದಿನ ಬಿಟ್ಟು ಕೊಟ್ರು. ಶಿವಮೊಗ್ಗದಿಂದ ಒಬ್ಬ ಹುಡುಗ ಬೈಕಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಮಳೆಯಲ್ಲೇ ಬಂದ. ಬೀಗಕ್ಕೆ ಸಳಿ ಹಾಕಿ ಕಣ್ಣು ಮುಚ್ಚಿಕೊಂಡು ಓದ್ತಾ ಇದ್ದ, ನಮ್ಮಜ್ಜಿ ಅವನು ಮಂತ್ರ ಹಾಕ್ತಿದ್ದಾನೆ ಅಂತಲೇ ತಿಳ್ಕೊಂಡ್ಲು. ಗಾಡಿ ಬ್ಯಾಟರಿ ಇಳಿದಿತ್ತು, ಪಕ್ಕದ ಮನೆ ಪಿಕಪ್ಪಿಂದ ಜಂಪರ್ ಹಾಕಿ ಗಟ್ಟಿ ಮಾಡಿಕೊಂಡೇ ಶುರು ಮಾಡಿದ. ಎರಡು ಕೀ ಮಾಡಿಸಿದೆ, ಒಂದಕ್ಕೆ ರಿಮೋಟ್, ಇನ್ನೊಂದಕ್ಕೆ ಬರೀ ಚಿಪ್. ಒಟ್ಟು 7,500, ಊಟ ನಮ್ಮನೇದು. ಹಳೇ ಎರಡೂ ಕೀಗಳನ್ನು ಗಾಡಿಯ ನೆನಪಿಂದ ಅಳಿಸಿಬಿಟ್ಟೆ ಅಂತ ಸ್ಕ್ಯಾನರಲ್ಲಿ ತೋರಿಸಿದ, ಗಾಡಿಗೆ ಗೊತ್ತಿರೋ ಕೀ ಈಗ ಎರಡೇ ಅಂತ ಬರ್ತಿತ್ತು. ಹಿಂದಿನ ಮಾಲೀಕರು ಇನ್ನು ನಿಧಾನಕ್ಕೆ ಹುಡುಕಬಹುದು.

ಕ್ಲೇಮ್_ಅಕ್ಕ

ಸಂತೋಷ. ಬಿಲ್ ತಗೊಂಡ್ರಾ?

ಸಾಗರದ_ತೋಟಿಗ

ತಗೊಂಡೆ ಅಕ್ಕಾ. ಚೀಟಿ ಮೇಲೆ ಬರೆದುಕೊಟ್ಟಿದ್ದಾನೆ, ಸಹಿ ಇದೆ.

ಇವತ್ತು ಇನ್ನೊಂದು ಸುದ್ದಿ. ಮಳೆ ಹೊಳವಾಯ್ತು ಅಂತ ಕಾಲುವೆ ಹೂಳು ತೆಗೆಸ್ತಿದ್ದೆ. ಗುದ್ದಲಿ ತುದಿಗೆ ಕೀಗೊಂಚಲು ಬಂತು! ಬಿಲ್ಲೆ ಸಮೇತ. ತೊಳೆದು ಒರೆಸಿ ಹೋಗಿ ನೋಡಿದೆ. ಬಾಗಿಲು ತೆಗೀತು, ಸ್ಟೇರಿಂಗ್ ಬಿಟ್ಟಿತು. ರಿಮೋಟ್ ಒತ್ತಿದ್ರೆ ಸದ್ದಿಲ್ಲ, ಬಿಚ್ಚಿದ್ರೆ ಬೋರ್ಡ್ ಪೂರ್ತಿ ಹಸಿರು ಕಟ್ಟಿದೆ. ಎಂಜಿನ್ ತಿರುಗುತ್ತೆ, ಹಿಡಿಯಲ್ಲ. ಮೂರು ಕೀಯಲ್ಲಿ ಒಂದು ಮಾತ್ರ ಬದುಕಿದೆ ಅಂತಾಯ್ತು.

ಹುಬ್ಬಳ್ಳಿ_ಕೀಲಿಕೈ

ಒಂದಲ್ಲರೀ, ಎರಡ. ಚಿಪ್ಪಿಗೆ ನೀರ ಹೋಗೂದಿಲ್ಲ, ಅದು ಜೀವಂತ ಇರತೈತಿ. ಗಾಡಿ ಅದನ್ನ ಮರತೈತಿ, ಅಷ್ಟ. ಅದೇ ಗಾಡಿ ಚಿಪ್ ಆಗಿದ್ದಕ್ಕ ಬಾಳ ಮಾಡಿ ಮತ್ತ ಸೇರತೈತಿ. ಆ ಹುಡಗ ಮುಂದ ನಿಮ್ಮ ಕಡೆ ಯಾರದರ ಕೆಲಸಕ್ಕ ಬಂದಾಗ ಒಂದ ಸಲ ಸ್ಕ್ಯಾನರ್ ಚುಚ್ಚಸರಿ. ಆದ್ರ ಹೊಸಾ ಎರಡೂ ಕೀ ಆವಾಗ ಕೈಯಾಗ ಇರಲಿ, ಇಲ್ಲಂದ್ರ ಅವನ್ನೂ ಮರತು ಕೂಡತೈತಿ.

ಬಿಲ್ಲೆ ಮಾತ್ರ ಈಗಿಂದೀಗ ಗೊಂಚಲಿಂದ ಬಿಚ್ಚರಿ.

ಸಾಗರದ_ತೋಟಿಗ

ಬಿಚ್ಚಿದೆ. ಅಜ್ಜಿಯ ಎಲೆಡಿಕೆ ಡಬ್ಬಿಯಲ್ಲಿ ಹಾಕಿದ್ದೇನೆ. ಅದೊಂದು ಮಾತ್ರ ಈ ಮನೇಲಿ ಯಾವತ್ತೂ ಕಳೆದಿಲ್ಲ.